ಉಂಡವನು ಬರೆದ ರೊಟ್ಟಿ

"ಅಜ್ಜಾರೆ, ಹನ್ನೆರಡು ವರ್ಷ ನಾನು ಮಾಡಿದ್ದರಲ್ಲಿ ಉಳಿದದ್ದು ಏನು?"

ಕೇಳಿದವನು ಕರಿಬಸಯ್ಯ. ಮಠದ ಅಡುಗೆಮನೆ ಅವನದು. ಮಧ್ಯಾಹ್ನದ ಪಂಕ್ತಿ ಎದ್ದಿತ್ತು. ಮಠದ ಸ್ವಾಮಿಗಳಾದ ಅಜ್ಜಾರು ಕೈ ತೊಳೆದು ಕಟ್ಟೆಯ ಮೇಲೆ ಕೂತಿದ್ದರು. ಕರಿಬಸಯ್ಯನ ಪಕ್ಕದಲ್ಲಿ ಒಂದು ಗಂಟಿತ್ತು. ಅದರಲ್ಲಿ ಎರಡು ಪಂಚೆ, ಒಂದು ಕಂಬಳಿ. ಮಠ ಬಿಟ್ಟು ಹೋಗುವುದೆಂದು ಅವನು ಬೆಳಿಗ್ಗೆಯೇ ತೀರ್ಮಾನಿಸಿ ಗಂಟು ಕಟ್ಟಿದ್ದ. ಆಮೇಲೆ ಒಲೆ ಹಚ್ಚಿದ್ದ. ಅಡುಗೆಯವನು ಎಷ್ಟೇ ಬೇಸರಗೊಂಡರೂ ಪಂಕ್ತಿ ಮುಗಿಸಿಯೇ ಬೇಸರಪಡುತ್ತಾನೆ.

ಅವನ ಜೊತೆಗೆ ಮಠಕ್ಕೆ ಬಂದವರು ಇನ್ನಿಬ್ಬರಿದ್ದರು. ಒಬ್ಬ ಹಳೆಯ ತಾಳೆಗರಿಗಳನ್ನು ಕಾಗದಕ್ಕೆ ಇಳಿಸಿದ. ಅವು ಆರು ಸಂಪುಟಗಳಾಗಿ ಕಪಾಟಿನಲ್ಲಿದ್ದವು. ಯಾರೂ ಹೊರಗೆ ತೆಗೆಯದಿದ್ದರಿಂದ ಚೆನ್ನಾಗಿಯೇ ಇದ್ದವು. ಇನ್ನೊಬ್ಬ ಕೆರೆಗೆ ಕಲ್ಲಿನ ಮೆಟ್ಟಿಲು ಕಟ್ಟಿದ. ಕೆರೆ ಬತ್ತಿದರೂ ಮೆಟ್ಟಿಲು ಇರುತ್ತದೆ ಎಂದು ಜನ ಮೆಚ್ಚಿಕೊಂಡಿದ್ದರು. ಕರಿಬಸಯ್ಯ ಮಾಡಿದ್ದು ಮಾತ್ರ ದಿನಾ ಮಧ್ಯಾಹ್ನ ಎರಡು ಗಂಟೆಗೆ ಮುಗಿದುಹೋಗುತ್ತಿತ್ತು. ಮುಗಿಯದೆ ಉಳಿದರೆ ಅದು ಅವನ ತಪ್ಪೇ ಆಗುತ್ತಿತ್ತು.

ಹೋದ ವರ್ಷ ಅಜ್ಜಾರು ಎರಡು ತಿಂಗಳು ಹಾಸಿಗೆ ಹಿಡಿದಾಗ ಅವನು ದಿನಕ್ಕೆ ಮೂರು ಸಲ ಗಂಜಿ ಕಾಯಿಸಿ ಕುಡಿಸಿದ್ದ. ಅದನ್ನು ಅವನು ಮಾಡಿದ್ದರ ಸಾಲಿಗೆ ಸೇರಿಸಿರಲಿಲ್ಲ. ಗಂಜಿ ಅಡುಗೆಯಲ್ಲ ಎಂಬುದು ಅಡುಗೆಯವರ ಅಭಿಪ್ರಾಯ.

ಅಜ್ಜಾರು ಗಂಟನ್ನು ನೋಡಿದರು. ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರನಿದ್ದ. ಅವನ ಮನೆಯ ಊಟಕ್ಕೆ ಹೆಸರಿತ್ತು. ಒಮ್ಮೆ ಊರಿನ ದೊಡ್ಡವರನ್ನೆಲ್ಲ ಕರೆದು ಇಪ್ಪತ್ತೊಂದು ಬಗೆ ಮಾಡಿಸಿ ಬಡಿಸಿದ. ವಾರದ ಮೇಲೆ ಉಂಡವರಲ್ಲಿ ಒಬ್ಬ ದಾರಿಯಲ್ಲಿ ಸಿಕ್ಕ. ಸಾಹುಕಾರ ಊಟದ ಮಾತು ತೆಗೆದ. ಆತ ಯಾವ ಊಟ ಎಂದು ಕೇಳಿದ.

ಸಾಹುಕಾರನಿಗೆ ಇದು ನಾಟಿತು. ಹೊಟ್ಟೆಗೆ ಹಾಕಿದ್ದು ನಿಲ್ಲುವುದಿಲ್ಲ, ಗೋಡೆಗೆ ಹಾಕಿದ್ದು ನಿಲ್ಲುತ್ತದೆ ಎಂದುಕೊಂಡ. ಎಣ್ಣೆಬಣ್ಣದಲ್ಲಿ ಬರೆಯುವ ಒಬ್ಬ ಚಿತ್ರಗಾರನನ್ನು ಕರೆಸಿದ. ಊಟದ ಪಡಸಾಲೆಗೆ ಒಂದು ಊಟದ ಚಿತ್ರ ಬೇಕು, ಅದು ನೂರು ವರ್ಷ ನಿಲ್ಲಬೇಕು ಎಂದ. ನಲವತ್ತೊಂದನೆಯ ದಿನಕ್ಕೆ ಹೊಸ ಬೀಗರು ಬರುವವರಿದ್ದರು. ಅಷ್ಟರೊಳಗೆ ಮುಗಿಯಬೇಕು ಎಂದೂ ಹೇಳಿದ.

ಚಿತ್ರಗಾರನಿಗೆ ವಯಸ್ಸಾಗಿತ್ತು. ಅವನ ಬಲಗೈ ನಡುಗುತ್ತಿತ್ತು. ಅದನ್ನು ಶಾಲಿನೊಳಗೆ ಇಟ್ಟುಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದ. ಹಿಂದಿನ ವರ್ಷ ಒಬ್ಬ ಜಮೀನ್ದಾರನ ಮೀಸೆ ಬರೆಯುವಾಗ ಕುಂಚ ಜಾರಿ, ಒಂದು ಕಡೆಯ ಮೀಸೆ ಕಿವಿಯವರೆಗೆ ಹೋಗಿತ್ತು. ಜಮೀನ್ದಾರ ಸಂತೋಷಪಟ್ಟಿದ್ದ. ಇನ್ನೊಂದು ಕಡೆಯ ಮೀಸೆ ಗದ್ದಕ್ಕೆ ಇಳಿದಾಗ ಚಿತ್ರಗಾರನನ್ನು ಮನೆಗೆ ಕಳಿಸಿದ್ದ. ಆಮೇಲೆ ಯಾರೂ ಕರೆದಿರಲಿಲ್ಲ. ಇದೂ ಕೆಟ್ಟರೆ ಕುಂಚ ಕೆಳಗಿಡುವುದೊಂದೇ ದಾರಿ ಎಂದು ಅವನಿಗೆ ಗೊತ್ತಿತ್ತು.

ನಡುಕ ವಯಸ್ಸಿನದು ಎಂದು ಅವನು ನಂಬಿದ್ದ. ಅವನು ಒಂಟಿ ಮನುಷ್ಯ. ಕೆಲಸವಿದ್ದಾಗ ಊಟ ಮರೆಯುತ್ತಿದ್ದ. ಕೆಲಸವಿಲ್ಲದಾಗ ಊಟವೇ ಇರುತ್ತಿರಲಿಲ್ಲ. ಎರಡನ್ನೂ ಅವನು ಕಲೆಯ ಲಕ್ಷಣವೆಂದು ತಿಳಿದಿದ್ದ.

ಇಪ್ಪತ್ತೊಂದು ಬಗೆ ಬರೆಯಲಾಗದು ಎಂದು ಅವನು ಸಾಹುಕಾರನಿಗೆ ಹೇಳಿದ. ಎಣ್ಣೆಬಣ್ಣ ನಿಧಾನದ ಕೆಲಸ, ಹಬ್ಬದಡುಗೆ ಅಷ್ಟು ದಿನ ಕಾಯುವುದಿಲ್ಲ. ಮನೆಯಲ್ಲಿ ದಿನಾ ಮಾಡುವುದನ್ನೇ ಬರೆಯುತ್ತೇನೆ ಎಂದ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅಗಸಿ ಚಟ್ನಿ, ಒಂದು ಲೋಟ ಮಜ್ಜಿಗೆ. ಸಾಹುಕಾರನಿಗೆ ಇದು ಬಡತನದಂತೆ ಕಂಡಿತು. ಈಗ ದೊಡ್ಡ ಪಟ್ಟಣಗಳ ದೊಡ್ಡ ಮನೆಗಳಲ್ಲಿ ಗೋಡೆಗೆ ಇಂಥದ್ದನ್ನೇ ಹಾಕುತ್ತಾರೆ ಎಂದು ಚಿತ್ರಗಾರ ಹೇಳಿದ ಮೇಲೆ ಒಪ್ಪಿದ. ನಿಜವಾದ ಕಾರಣವನ್ನು ಚಿತ್ರಗಾರ ಹೇಳಲಿಲ್ಲ. ಮೀಸೆ ನಡುಕವನ್ನು ತಾಳುವುದಿಲ್ಲ. ರೊಟ್ಟಿಯ ಅಂಚು ಹೇಗೂ ಸೊಟ್ಟ.

ಆ ಮನೆಯಲ್ಲಿ ಅಡುಗೆಯವಳೊಬ್ಬಳಿದ್ದಳು. ಮೊದಲ ದಿನ ಬೆಳಿಗ್ಗೆ ತಾಟಿನಲ್ಲಿ ಎಲ್ಲವನ್ನೂ ಬಡಿಸಿ ತಂದು ಕಿಟಕಿಯ ಹತ್ತಿರ ಇಟ್ಟಳು. ಚಿತ್ರಗಾರ ಬಣ್ಣ ಕಲಸುತ್ತಿದ್ದ. ಅವಳು ವಾಸನೆ ನೋಡಿ ಅದು ಅಗಸಿ ಎಣ್ಣೆಯೇ ಎಂದು ಕೇಳಿದಳು. ಹೌದೆಂದ. ಅಗಸಿಯನ್ನು ಉಪ್ಪು ಬೆಳ್ಳುಳ್ಳಿ ಇಲ್ಲದೆ ಬಳಸುವವರನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಪಾಪ ಎಂದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಬೆಳಕು ತಿರುಗಿತು. ಚಿತ್ರಗಾರ ಅವಳನ್ನು ಕರೆದು, ಈ ತಾಟನ್ನು ಹೀಗೆಯೇ ಮುಚ್ಚಿಡು, ನಾಳೆ ಬೇಕು ಎಂದ. ಅದು ಆಗದು ಎಂದಳು. ತಾಟಿಗೆ ಬಡಿಸಿದ್ದು ಅಡುಗೆಮನೆಗೆ ಮರಳಬಾರದು. ಅದು ಅವಳ ಅತ್ತೆಯ ಕಾಲದಿಂದ ಬಂದ ನೇಮ. ಹಾಗಾದರೆ ಚೆಲ್ಲು ಎಂದ. ಅನ್ನವನ್ನು ಚೆಲ್ಲುವ ಮಾತನ್ನು ಈ ಮನೆಯಲ್ಲಿ ಆಡಬೇಡಿ ಎಂದಳು. ಹಾಗಾದರೆ ಇದನ್ನು ಏನು ಮಾಡುವುದು ಎಂದು ಚಿತ್ರಗಾರ ಕೇಳಿದ.

ರೊಟ್ಟಿಯನ್ನು ಏನು ಮಾಡುವುದು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಹಾಕಿದಳು. ಚಿತ್ರಗಾರ ಉಂಡ.

ಎರಡನೆಯ ದಿನ ಹೊಸ ರೊಟ್ಟಿ ಬಂತು. ನಿನ್ನೆಯ ರೊಟ್ಟಿಗೆ ಎಡಗಡೆ ಕಪ್ಪು ಚುಕ್ಕೆ ಇತ್ತು. ಇದಕ್ಕೆ ನಡುವೆ ಇತ್ತು. ಇದು ಆ ರೊಟ್ಟಿಯಲ್ಲ ಎಂದು ಚಿತ್ರಗಾರ ಸಿಡುಕಿದ. ಆ ರೊಟ್ಟಿಯನ್ನು ನೀವೇ ಉಂಡಿರಲ್ಲ ಎಂದು ಅವಳು ನೆನಪಿಸಿದಳು. ಅವನು ನಿನ್ನೆಯ ಬಣ್ಣದ ಮೇಲೆ ಇಂದಿನ ರೊಟ್ಟಿಯನ್ನು ಬರೆದ. ಮೂರನೆಯ ದಿನ ಅದರ ಮೇಲೆ ಮತ್ತೊಂದು ಬರೆದ. ಬೆಳಿಗ್ಗೆ ಬರೆಯಲಾಗದ್ದನ್ನು ಮಧ್ಯಾಹ್ನ ಉಣ್ಣುವುದು ಅವನ ದಿನಚರಿಯಾಯಿತು.

ಅಂಚಿನ ವಿಷಯದಲ್ಲೂ ಅವನು ತಪ್ಪಿದ್ದ. ರೊಟ್ಟಿಯ ಅಂಚು ಸೊಟ್ಟ ನಿಜ. ಆದರೆ ಅದು ಕೈ ತಟ್ಟಿ ತಟ್ಟಿ ಬಂದ ಸೊಟ್ಟ. ನಡುಗುವ ಕೈ ಎಳೆದ ಗೆರೆ ರೊಟ್ಟಿಯಂತೆ ಕಾಣುತ್ತಿರಲಿಲ್ಲ, ನಡುಗುವ ಕೈ ಎಳೆದ ಗೆರೆಯಂತೆಯೇ ಕಾಣುತ್ತಿತ್ತು.

ಸಾಹುಕಾರ ದಿನಾ ಸಂಜೆ ಬಂದು ನೋಡಿ ಹೋಗುತ್ತಿದ್ದ. ಇಪ್ಪತ್ತನೆಯ ದಿನ ಚಿತ್ರ ಇನ್ನೂ ಕಾಣುತ್ತಿಲ್ಲವಲ್ಲ ಎಂದ. ಮೂವತ್ತನೆಯ ದಿನ ಬಣ್ಣದ ದಪ್ಪವನ್ನು ಬೆರಳಿನಿಂದ ಅಳೆದು, ರೊಟ್ಟಿಗಿಂತ ದಪ್ಪವಾಯಿತು ಎಂದ. ಮೂವತ್ತೈದನೆಯ ದಿನ ಏನೂ ಹೇಳದೆ, ಆ ಗೋಡೆಗೆ ಬೇಕಾದರೆ ಒಂದು ಕನ್ನಡಿ ಸಿಗುತ್ತದೆಯೇ ಎಂದು ಪೇಟೆಯಲ್ಲಿ ವಿಚಾರಿಸಿ ಬಂದ. ಚಿತ್ರಗಾರನಿಗೆ ಸುದ್ದಿ ಮುಟ್ಟಿತು. ಅವನು ತನ್ನ ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟ. ಬೆಳಿಗ್ಗೆ ತಾಟು ಬಂತು. ತಾಟು ಬಂದದ್ದರಿಂದ ಮತ್ತೆ ಬಿಚ್ಚಿದ.

ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ ಅವನು ಊಟಕ್ಕೆ ಕೂತ. ರೊಟ್ಟಿ ಮುರಿದ, ಪಲ್ಯ ತಿಂದ, ಲೋಟ ಎತ್ತಿ ಮಜ್ಜಿಗೆ ಕುಡಿದ, ಕೆಳಗಿಟ್ಟ. ಆಮೇಲೆ ಲೋಟವನ್ನು ನೋಡಿದ. ಸುತ್ತಲಿನ ನೆಲವನ್ನು ನೋಡಿದ. ಒಂದು ಹನಿಯೂ ಚೆಲ್ಲಿರಲಿಲ್ಲ. ಬೆಳಿಗ್ಗೆ ಬರೆಯುವಾಗಲೂ ಅದು ಕಂಠದವರೆಗೆ ತುಂಬಿದ್ದ ಲೋಟವೇ ಆಗಿತ್ತು. ಅವನು ಬರೆದಿದ್ದ, ಗಮನಿಸಿರಲಿಲ್ಲ.

"ಅವ್ವಾ, ಇವತ್ತು ಮಜ್ಜಿಗೆ ಜಾಸ್ತಿ ಹಾಕಿದೆಯಲ್ಲ?"

"ಜಾಸ್ತಿ ಏನಿಲ್ಲ ಅಣ್ಣಾ. ಲೋಟ ಹಿಡಿಸುವಷ್ಟೇ ಹಾಕಿದೆ. ಇಷ್ಟು ದಿನ ಅರ್ಧ ಹಾಕುತ್ತಿದ್ದೆ. ಬಂದ ದಿನ ನಿಮ್ಮ ಕೈ ನೋಡಿದ್ದೆ. ಇನ್ನು ಅರ್ಧದ ಕೆಲಸವಿಲ್ಲ ಅನಿಸಿತು."

ಶಾಲಿನೊಳಗಿನ ಕೈಯನ್ನು ಇಡೀ ಜಿಲ್ಲೆಯಿಂದ ಬಚ್ಚಿಟ್ಟಿದ್ದ ಚಿತ್ರಗಾರ ತಾಟನ್ನು ಪಕ್ಕಕ್ಕೆ ಸರಿಸಿದ. ಕೈಯನ್ನು ಮುಂದೆ ಚಾಚಿ ನೋಡಿದ. ಅದು ಸುಮ್ಮನೆ ಇತ್ತು. ಅದಕ್ಕೆ ಬೇಕಾದದ್ದು ಔಷಧವಾಗಿರಲಿಲ್ಲ. ಹೊತ್ತು ಹೊತ್ತಿಗೆ ಒಂದು ತಾಟು ಬೇಕಾಗಿತ್ತು.

ಮರುದಿನ ಅವನು ದಪ್ಪವಾದ ಹಳೆಯ ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟು ಇನ್ನೊಂದು ಚೌಕಟ್ಟಿಗೆ ಹೊಸ ಬಟ್ಟೆ ಬಿಗಿದ. ಹೆಂಚಿನಿಂದ ಈಗ ಇಳಿದ ರೊಟ್ಟಿ ಕೊಡು ಎಂದು ಕೇಳಿದ. ಬೆಳಕು ತಿರುಗುವ ಮೊದಲು ಚಿತ್ರ ಮುಗಿಯಿತು. ಎಲ್ಲರಿಗಿಂತ ಮೊದಲು ಅಡುಗೆಯವಳನ್ನು ಕರೆದು ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ರೊಟ್ಟಿಗೆ ಬಲಗಡೆ ಇನ್ನೊಂದು ಸ್ವಲ್ಪ ಕೆಂಡ ತೋರಿಸಬೇಕಿತ್ತು ಎಂದಳು. ಅದು ತನ್ನದೇ ತಪ್ಪು ಎಂದೂ ಹೇಳಿ, ಹೆಂಚಿನ ಮೇಲೆ ಇನ್ನೊಂದು ರೊಟ್ಟಿ ಬಿಟ್ಟು ಬಂದದ್ದು ನೆನಪಾಗಿ ಒಳಗೆ ಹೋದಳು. ಚಿತ್ರಗಾರನಿಗೆ ಅಷ್ಟು ದೊಡ್ಡ ಮೆಚ್ಚುಗೆ ಯಾವ ಅರಮನೆಯಲ್ಲೂ ಸಿಕ್ಕಿರಲಿಲ್ಲ.

ಬೀಗರು ಬಂದರು. ಬಣ್ಣ ಇನ್ನೂ ಒಣಗಿರಲಿಲ್ಲ. ಬೀಗರಲ್ಲಿ ಹಿರಿಯರೊಬ್ಬರು ನಿಜವೋ ಎಂದು ಮುಟ್ಟಿ ನೋಡಿದರು. ಬೆರಳಿಗೆ ಚಟ್ನಿ ಹತ್ತಿತು. ಲೋಟವನ್ನು ಕಂಠದವರೆಗೆ ತುಂಬಿಸುವ ಮನೆ ಇದು, ನಮ್ಮ ಹುಡುಗನಿಗೆ ಕೊರತೆಯಾಗದು ಎಂದರು. ಸಾಹುಕಾರ ವಿನಯದಿಂದ ತಲೆ ತಗ್ಗಿಸಿದ. ಆಮೇಲೆ ಚಿತ್ರದ ಮೂಲೆಯನ್ನು ನೋಡಿ ಚಿತ್ರಗಾರನನ್ನು ಕರೆದ.

"ಇಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?"

"ಮಾಡಿದವರ ಹೆಸರು ಹಾಕುವುದು ಪದ್ಧತಿ ಸಾಹುಕಾರರೆ. ನಾನು ಉಂಡವನು."

ಹಾಗಾದರೆ ಮಾಡಿದವರು ಯಾರು ಎಂದು ಸಾಹುಕಾರ ಕೇಳಿದ. ಚಿತ್ರಗಾರ ಅಡುಗೆಮನೆಯ ಕಡೆಗೆ ಕೈ ತೋರಿಸಿದ. ಸಾಹುಕಾರ ಅದನ್ನು ಹಸಿವೆಂದು ತಿಳಿದು ತಾಟು ಹಾಕಿಸಿದ. ತಿಳಿದದ್ದು ಪೂರ್ತಿ ತಪ್ಪೇನೂ ಅಲ್ಲ. ಚಿತ್ರಗಾರ ಪಡಸಾಲೆಯಲ್ಲಿ ಎಲ್ಲರೂ ಚಿತ್ರಕ್ಕೆ ಮುಖ ಮಾಡಿ ಕೂತಾಗ, ತಾನು ಚಿತ್ರಕ್ಕೆ ಬೆನ್ನು ಮಾಡಿ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕೂತ. ಮೊದಲು ಕೈ ಮುಗಿದ. ಆಮೇಲೆ ಉಂಡ.

ಕತೆ ಇಲ್ಲಿಗೆ ನಿಂತಿತು. ಕತೆ ಕರಿಬಸಯ್ಯನಿಗೆ ಹಿಡಿಸಿತ್ತು. ಆದರೆ ಅವನ ಪ್ರಶ್ನೆ ಹಾಗೆಯೇ ಇತ್ತು. ಅಡುಗೆಯವಳ ರೊಟ್ಟಿಗಳೆಲ್ಲ ಮುಗಿದುಹೋದವು, ಉಳಿದದ್ದು ಕೊನೆಗೆ ಚಿತ್ರವೇ ಅಲ್ಲವೇ ಎಂದು ಅವನಿಗೆ ಅನಿಸಿತು. ಒಂದು ಕೈ ಗಂಟಿನ ಮೇಲೆಯೇ ಇತ್ತು. ಆ ಚಿತ್ರ ಈಗ ಯಾವ ಊರಿನಲ್ಲಿದೆ, ನೋಡಲು ಸಿಗುತ್ತದೆಯೇ ಎಂದು ಕೇಳಿದ.

ಸಿಗುವುದಿಲ್ಲ ಎಂದರು ಅಜ್ಜಾರು. ಅಡುಗೆಮನೆಯ ಹೊಗೆಗೆ ಅದು ಕಪ್ಪಾಯಿತು. ಮನೆ ಪಾಲಾದಾಗ ಚೌಕಟ್ಟು ಒಳ್ಳೆಯ ಸಾಗುವಾನಿಯದು ಎಂದು ಯಾರೋ ಚೌಕಟ್ಟನ್ನು ಇಟ್ಟುಕೊಂಡು ಬಟ್ಟೆಯನ್ನು ಬಿಸಾಡಿದರು. ನೂರು ವರ್ಷವೆಂದು ಹೇಳಿದ್ದು ಮೂವತ್ತಕ್ಕೆ ಮುಗಿಯಿತು.

ಇಷ್ಟು ಹೇಳಿ ಅಜ್ಜಾರು ಕಂಬ ಹಿಡಿಯದೆ, ಕೋಲು ಕೇಳದೆ ಕಟ್ಟೆಯಿಂದ ಎದ್ದು ನಿಂತರು.

"ಅದು ಉಳಿಯಲಿಲ್ಲ ಬಸಯ್ಯಾ. ನೀನು ಹನ್ನೆರಡು ವರ್ಷ ಮಾಡಿ ಉಣಿಸಿದ್ದು ಇಗೋ, ಇಷ್ಟು ಹೊತ್ತು ನಿನ್ನ ಮುಂದೆ ಕೂತು ಕತೆ ಹೇಳಿತು."

ಕರಿಬಸಯ್ಯ ಗಂಟನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ.