ಕಾಫಿ ಬಟ್ಟಲಿನ ಮನೆ

"ಗುರುಗಳೇ, ದಾರಿಹೋಕರು ಬಂದರೆ ಅವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ಕಳಿಸುತ್ತೀರಿ. ವರ್ಷಗಳಿಂದ ಇಲ್ಲಿರುವ ನಾನು ಮಾತ್ರ ತಡವರಿಸಿ ತಡವರಿಸಿ ಕೇಳುವವರೆಗೂ ಸುಮ್ಮನೆ ಕೂತಿರುತ್ತೀರಿ. ನನ್ನ ಮೇಲೇಕೆ ಈ ಮುನಿಸು?" ಎಂದು ಶಿಷ್ಯ ಕೇಳಿದ. ಅವನ ಮುಖ ಊದಿಕೊಂಡಿತ್ತು. ಆದರೂ ಅವನೇ ಬಾಯಿಬಿಟ್ಟು ಕೇಳಿದ್ದರಿಂದ ಗುರುಗಳಿಗೆ ಸಂತೋಷವೇ ಆಯಿತು. ಅವರು ಹೇಳಿದರು:

ಅರಬರ ನಾಡಿನಲ್ಲಿ ಒಬ್ಬ ವರ್ತಕನಿದ್ದ. ಅತಿಥಿಸತ್ಕಾರದಲ್ಲಿ ಎತ್ತಿದ ಕೈ. ಅಲ್ಲಿ ಕಾಫಿಯನ್ನು ಪುಟ್ಟ ಬಟ್ಟಲಿಗೆ ಸ್ವಲ್ಪವೇ ಸುರಿಯುತ್ತಾರೆ. ಬಟ್ಟಲು ಚಾಚಿದರೆ ಇನ್ನೂ ಬೇಕು, ಅಲ್ಲಾಡಿಸಿದರೆ ಸಾಕು ಎಂದರ್ಥ. ಅತಿಥಿ ಬಾಯಿಬಿಟ್ಟು ಕೇಳಬೇಕಾಗಿ ಬಂದರೆ ಮನೆಯ ಮರ್ಯಾದೆ ಹೋಯಿತೆಂದೇ ಆ ವರ್ತಕ ತಿಳಿದಿದ್ದ.

ಅವನಿಗೆ ರಾಕಾನ್ ಎಂಬ ಮೊಮ್ಮಗ. ಎರಡು ವರ್ಷ ದಾಟಿದರೂ ಮಾತಿಲ್ಲ. ಅದೇ ವಯಸ್ಸಿನ ನೆರೆಮನೆಯ ಹುಡುಗಿ ಅಪ್ಪನಿಗೆ 'ಬಾಬಾ', ಬೆಕ್ಕಿಗೆ 'ಬಿಸ್ಸಾ' ಎನ್ನುತ್ತ ಕಂಡಕಂಡವರೊಡನೆ ಹರಟುತ್ತಿದ್ದಳು. ರಾಕಾನ್ 'ಬಾಬಾ' ಕೂಡ ಅನ್ನಲಿಲ್ಲ. ಅವನ ತಾಯಿ ನೌರಾಳಿಗೆ ಊಟ ಸೇರುತ್ತಿರಲಿಲ್ಲ. ಮಗ ಮೂಗನಾಗಿಯೇ ಉಳಿದುಬಿಟ್ಟರೆ ಎಂಬ ಭಯ ಅವಳಿಗೆ. ಅಜ್ಜ ಮಾತ್ರ, ಇವನಷ್ಟು ಒಳ್ಳೆಯ ಅತಿಥಿ ಇನ್ನೊಬ್ಬನಿಲ್ಲ ಎಂದು ನಗುತ್ತಿದ್ದ. ಮಗು ಹಾಲಿನ ಬಟ್ಟಲು ಚಾಚಿದ ಕೂಡಲೇ ತುಂಬಿಸುತ್ತಿದ್ದ, ಅಲ್ಲಾಡಿಸಿದರೆ ನಿಲ್ಲಿಸುತ್ತಿದ್ದ.

ನೌರಾ ಒಬ್ಬ ಸೂಲಗಿತ್ತಿಯನ್ನು ಕರೆಸಿದಳು. ಮುದುಕಿ ಮಗುವಿನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದಳು, ಮಗು ತಿರುಗಿ ನೋಡಿತು. ಅಜ್ಜನ ಚಪ್ಪಲಿ ತಾ ಎಂದಳು, ತಂದಿತು. ಕಿವಿ ಚೆನ್ನಾಗಿದೆ, ಹೇಳಿದ್ದೂ ತಿಳಿಯುತ್ತದೆ, ಕೆಲವು ಮಕ್ಕಳಿಗೆ ಮಾತು ನಿಧಾನ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ನೌರಾಳಿಗೆ ಸಮಾಧಾನ ಹೇಳಿದಳು. ಆಮೇಲೆ ವರ್ತಕನ ಕಡೆ ತಿರುಗಿ, ಬಟ್ಟಲು ಚಾಚಿದಾಗ ಹಾಲು ಬೇಕೇ ಎಂದು ಕೇಳಿ, ಕೇಳಿದ ಮೇಲೆ ತುಸು ಕಾಯಿರಿ ಎಂದಳು.

"ಬರಿದಾದ ಬಟ್ಟಲ ಮುಂದೆ ಹೂಜಿ ಹಿಡಿದು ಸುಮ್ಮನೆ ನಿಲ್ಲುವುದೇ? ನಮ್ಮ ಮನೆತನದಲ್ಲಿ ಆ ಕೆಲಸ ಯಾರೂ ಮಾಡಿಲ್ಲ" ಎಂದ ವರ್ತಕ.

"ನನಗೋಸ್ಕರ ಮಾಡಿ, ಮಾವ" ಎಂದಳು ನೌರಾ.

ವರ್ತಕನಿಗೆ ಅದು ದೊಡ್ಡ ಶಿಕ್ಷೆಯೇ ಆಯಿತು. ದಿನವೂ 'ಹಾಲು ಬೇಕೇ, ಕಂದ' ಎಂದು ಕೇಳುವನು, ಕಾಯುವನು, ಮಗುವಿನ ಮುಖ ಬಾಡುವ ಮೊದಲೇ ಸುರಿದುಬಿಡುವನು. ಹೀಗೇ ವಾರಗಳು ಕಳೆದವು. ಒಂದು ಬೆಳಿಗ್ಗೆ ಮಗು ಬಟ್ಟಲು ಚಾಚಿತು. ಅಜ್ಜ ಕೇಳಿದ, ಕಾದ. ಮಗು ಹೂಜಿಯನ್ನು ನೋಡಲಿಲ್ಲ, ಅಜ್ಜನ ಬಾಯಿಯನ್ನೇ ನೋಡುತ್ತಿತ್ತು. ಕೊನೆಗೆ 'ಜದ್ದೋ' ಎಂದಿತು. ಅವರ ನುಡಿಯಲ್ಲಿ ಅಜ್ಜ ಎಂದರ್ಥ. ಹಿಗ್ಗಿನಲ್ಲಿ ಅಜ್ಜ ಸುರಿದ ಹಾಲು ಬಟ್ಟಲಿಗಿಂತ ನೆಲದ ಮೇಲೇ ಹೆಚ್ಚು ಬಿತ್ತು. ನೌರಾ ಅಂದು ಹೊಟ್ಟೆತುಂಬ ಉಂಡಳು.

ಶಿಷ್ಯನ ಮುಖ ಅರಳಿತ್ತು. "ಆಮೇಲೆ ವರ್ತಕ ಅತಿಥಿಗಳನ್ನೂ ಹಾಗೆ ಕಾಯಿಸತೊಡಗಿದನೇ?" ಎಂದು ಕೇಳಿದ.

"ಇಲ್ಲ, ಅತಿಥಿಗೆ ಕೂಡಲೇ ಸುರಿಯುತ್ತಿದ್ದ, ಕಾಯುತ್ತಿದ್ದದ್ದು ಮನೆಯ ಮಗುವಿಗೆ ಮಾತ್ರ" ಎಂದರು ಗುರುಗಳು.