ಎರಡು ಬೀಗದ ಅಂಚೆಪೆಟ್ಟಿಗೆ

ಜುಲೈ ಎಂಟನೆಯ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅದು ಆರಂಭವಾಯಿತು. ಹರಿಹರದ ಒಂದು ಹಳೆಯ ವಠಾರದ ಹೆಬ್ಬಾಗಿಲಿನಲ್ಲಿ, ಅಂಚೆಪೆಟ್ಟಿಗೆಯ ಮುಂದೆ, ಇಬ್ಬರು ಹಿರಿಯರು ಒಂದೊಂದು ಕೀಲಿಕೈ ಹಿಡಿದು ನಿಂತಿದ್ದರು. ಒಬ್ಬರು ವತ್ಸಲಾಬಾಯಿ, ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಇನ್ನೊಬ್ಬರು ಕೊಟ್ರಪ್ಪ, ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು.

ಆ ವಠಾರದಲ್ಲಿ ಎರಡು ಸಾಲು, ಒಟ್ಟು ಒಂಬತ್ತು ಮನೆ. ಒಂಬತ್ತಕ್ಕೂ ಸೇರಿ ಒಂದೇ ಪೆಟ್ಟಿಗೆ. ಅದು ವಿಚಿತ್ರವಾದ ಪೆಟ್ಟಿಗೆ. ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟವರ ಹೆಸರಿಗೆ ಇಂದಿಗೂ ಅದರೊಳಗೆ ಕಾಗದ ಬೀಳುತ್ತಿತ್ತು. ಬಾಯಿಯ ಬಳಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಹಲ್ಲಿ ಮೊಟ್ಟೆಯಿಡುವುದಕ್ಕೆ ಮದುವೆಯ ಕರೆಯೋಲೆಗಳ ನಡುವೆಯೇ ಜಾಗ ಹುಡುಕುತ್ತಿತ್ತು. ಪರೀಕ್ಷೆ ಹತ್ತಿರವಾದಾಗ ಮಕ್ಕಳು ದೇವರಿಗೆ ಬರೆದ ಚೀಟಿಗಳನ್ನು ಅದರಲ್ಲೇ ಹಾಕುತ್ತಿದ್ದರು. ಬೇರೆ ವಿಳಾಸ ಅವರಿಗೆ ತಿಳಿದಿರಲಿಲ್ಲ.

ಆದರೆ ಎಲ್ಲಕ್ಕಿಂತ ವಿಚಿತ್ರವೆಂದರೆ ಅದಕ್ಕೆ ಎರಡು ಬೀಗ. ಕೆಲವು ವರ್ಷಗಳ ಹಿಂದೆ ಹಿಂದಿನ ಸಾಲಿನ ಹುಡುಗಿಯೊಬ್ಬಳ ಮದುವೆಯ ಮಾತುಕತೆಯ ಕಾಗದ ಯಾರೋ ಒಡೆದು ಓದಿದ ಸ್ಥಿತಿಯಲ್ಲಿ ಸಿಕ್ಕಿತ್ತು. ಹಿಂದಿನ ಸಾಲಿನವರು ಮುಂದಿನ ಸಾಲಿನವರನ್ನು ಶಂಕಿಸಿದರು. ಮುಂದಿನವರು ಹಿಂದಿನವರನ್ನು ಶಂಕಿಸಿದರು. ಕೊನೆಗೆ ಎಲ್ಲರೂ ಕುಳಿತು ಒಂದು ಏರ್ಪಾಡು ಮಾಡಿದರು. ಮೇಲಿನ ಬೀಗದ ಕೀಲಿ ಮುಂದಿನ ಸಾಲಿನ ಕೊಟ್ರಪ್ಪನವರಲ್ಲಿ, ಕೆಳಗಿನ ಬೀಗದ ಕೀಲಿ ಹಿಂದಿನ ಸಾಲಿನ ವತ್ಸಲಾಬಾಯಿಯವರಲ್ಲಿ. ಅಂಚೆಯವನು ಯಾರ ಕೈಗೂ ಕಾಗದ ಕೊಡಕೂಡದು, ಪೆಟ್ಟಿಗೆಗೇ ಹಾಕಬೇಕು. ಇದನ್ನು ಬರೆದು, ಒಂಬತ್ತು ಮನೆಯವರೂ ಸಹಿ ಮಾಡಿ ಅಂಚೆ ಕಚೇರಿಗೆ ಕೊಟ್ಟರು. ಒಕ್ಕಣೆ ವತ್ಸಲಾಬಾಯಿಯವರದು. ಅದರಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲವೆಂದು ಅವರಿಗೆ ಹೆಮ್ಮೆ.

ಆ ದಿನಗಳಲ್ಲಿ ದೆಹಲಿಯಲ್ಲಿ ಸರ್ಕಾರವಿರಲಿಲ್ಲ. ಚುನಾವಣೆ ಮುಗಿದು ಏಳು ವಾರ ಕಳೆದಿತ್ತು. ಹಳೆಯ ಕೂಟಕ್ಕೂ ಬಹುಮತ ಬಂದಿರಲಿಲ್ಲ, ಹೊಸ ಕೂಟಕ್ಕೂ ಬಂದಿರಲಿಲ್ಲ. ಇಬ್ಬರೂ ಸೇರಿದರೆ ಮಾತ್ರ ದಾರಿ. ಮೊದಲು ಅವರು ಬೆಂಬಲದ ಪತ್ರ ಕೊಡಲಿ ಎಂದು ಇವರು, ಮೊದಲು ಇವರು ಕೊಡಲಿ ಎಂದು ಅವರು. ಸಭೆ ಸೇರುತ್ತಿತ್ತು, ಗದ್ದಲವಾಗುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ವಠಾರದ ರೇಡಿಯೋಗಳು ಬೆಳಿಗ್ಗೆ ಸಂಜೆ ಇದನ್ನೇ ಹೇಳುತ್ತಿದ್ದವು. ವತ್ಸಲಾಬಾಯಿ ಹಳೆಯ ಕೂಟದ ಪರ. ಕೊಟ್ರಪ್ಪ ಹೊಸ ಕೂಟದ ಪರ.

ಅಂದು ಬೆಳಿಗ್ಗೆ ಕೊಟ್ರಪ್ಪನವರು ಕೀಲಿಯನ್ನು ಬೀಗದ ತನಕ ಒಯ್ದು ಕೈ ಹಿಂದಕ್ಕೆಳೆದರು.

"ಇವತ್ತು ನೀವು ಮೊದಲು ತೆಗೀರಿ ಅಕ್ಕೋರೆ. ದಿನಾ ನಾನೇ ಮೊದಲು ಯಾಕೆ?"

"ಮೇಲಿನ ಬೀಗ ನಿಮ್ಮದು ಶಿರಸ್ತೇದಾರರೇ. ಮೇಲಿನದನ್ನು ಮೊದಲು ತೆಗೆಯುವುದು ರೂಢಿ."

"ಯಾವ ಕಾಯ್ದೆಯೊಳಗೈತಿ ಅದು? ನಿಮ್ಮ ಕೂಟದವರದ್ದೂ ಇದೇ ವರಸೆ. ಯಾವಾಗ್ಲೂ ಬೇರೆಯವರೇ ಮೊದಲು ಬಗ್ಗಬೇಕು."

"ನಿಮ್ಮ ಕೂಟದವರಿಗೆ ಆ ತೊಂದರೆಯಿಲ್ಲ ಬಿಡಿ. ಬಗ್ಗಬೇಕಾದರೆ ಮೊದಲು ಬೆನ್ನುಮೂಳೆ ಇರಬೇಕು."

ಜಗಲಿಯ ಮೇಲಿದ್ದ ಯಾರೋ ನಕ್ಕರು. ಆ ನಗೆಯೇ ಕೆಡಿಸಿತು. ಕೊಟ್ರಪ್ಪನವರು ಕೀಲಿಯನ್ನು ಕೊರಳಿಗೆ ಹಾಕಿಕೊಂಡಿದ್ದ ದಾರಕ್ಕೆ ಕಟ್ಟಿ ಅಂಗಿಯೊಳಗೆ ಬಿಟ್ಟುಕೊಂಡರು. "ನೀವು ತೆಗೆದ ಮೇಲೆ ಕರೆಸಿರಿ" ಎಂದು ಒಳಗೆ ಹೋದರು. ವತ್ಸಲಾಬಾಯಿಯವರೂ ತಮ್ಮ ಕೀಲಿಯನ್ನು ಸೆರಗಿನ ತುದಿಗೆ ಗಂಟುಹಾಕಿ ಮನೆಗೆ ನಡೆದರು. ನಾಳೆ ಸರಿಹೋದೀತು ಎಂದುಕೊಂಡರು.

ನಾಳೆ ಸರಿಹೋಗಲಿಲ್ಲ. ಮುಂದಿನ ನಾಳೆಯೂ ಸರಿಹೋಗಲಿಲ್ಲ. ಅಂಚೆಯ ದುರುಗಪ್ಪ ಬರುತ್ತಿದ್ದ, ಹಾಕುತ್ತಿದ್ದ, ಹೋಗುತ್ತಿದ್ದ. ಯಾರಾದರೂ ಕೈ ಚಾಚಿದರೆ ಚೀಲ ಹಿಂದಕ್ಕೆ ಮಾಡಿಕೊಳ್ಳುತ್ತಿದ್ದ.

"ನಾನೇನು ಮಾಡ್ಲಿರಿ. ಒಂಬತ್ತು ಸಹಿ ಹಾಕಿ ಬರೆದುಕೊಟ್ಟೀರಿ. ಆ ಕಾಗದಾನ ನಮ್ಮ ಸಾಹೇಬ್ರು ಗಾಜಿನ ಕೆಳಗೆ ಇಟ್ಕೊಂಡಾರೆ. ಹಂಗೆ ಚೆನ್ನಾಗಿ ಬರೆದೋರು ಯಾರೂ ಇಲ್ಲಂತೆ."

ಮುಂದಿನ ಸಾಲಿನವರು ಕೊಟ್ರಪ್ಪನವರ ಹಿಂದೆ ನಿಂತರು. ಹಿಂದಿನ ಸಾಲಿನವರು ವತ್ಸಲಾಬಾಯಿಯವರ ಹಿಂದೆ ನಿಂತರು. ಬೀಗ ಮುರಿಯೋಣವೆಂದು ಒಬ್ಬ ಸೂಚಿಸಿದಾಗ ಮಾತ್ರ ಹಿರಿಯರಿಬ್ಬರೂ ಒಂದೇ ದನಿಯಲ್ಲಿ ಬೇಡವೆಂದರು. ಮುರಿದರೆ ಅದು ಕಳವು, ಪೊಲೀಸಿಗೆ ಹೇಳಬೇಕಾಗುತ್ತದೆ ಎಂದರು. ಆ ತಿಂಗಳಿನಲ್ಲಿ ಅವರು ಒಪ್ಪಿಕೊಂಡ ಸಂಗತಿ ಅದೊಂದೇ.

ವಠಾರದ ಹೆಬ್ಬಾಗಿಲಿನ ಪಕ್ಕದ ಕೋಣೆಯಲ್ಲಿ ದರ್ಜಿ ಪುಂಡಲೀಕರಾಯರಿದ್ದರು. ಅವರು ಯಾವ ಸಾಲಿಗೂ ಸೇರಿದವರಲ್ಲ, ಆದರೆ ಅವರ ಕಾಗದವೂ ಅದೇ ಪೆಟ್ಟಿಗೆಗೆ ಬೀಳುತ್ತಿತ್ತು. ಮೂವತ್ತು ವರ್ಷ ಎರಡೂ ಸಾಲಿನ ಬಟ್ಟೆ ಹೊಲಿದವರು. ಕಣ್ಣಿನೊಳಗಿನ ಒತ್ತಡದ ರೋಗದಿಂದ ಅವರ ಬಲಗಣ್ಣು ಹೋಗಿತ್ತು. ಎಡಗಣ್ಣು ಹೋಗುವುದರಲ್ಲಿತ್ತು. ಬೆಂಗಳೂರಿನ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಶಸ್ತ್ರಚಿಕಿತ್ಸೆಯ ದಿನವನ್ನು ಕಾಗದದಲ್ಲಿ ತಿಳಿಸುತ್ತೇವೆ ಎಂದು ಕಳಿಸಿದ್ದರು. ಆ ಕಾಗದ ತಂದರೆ ಮಾತ್ರ ಒಳಗೆ ಬಿಡುತ್ತಾರೆ.

ಹತ್ತನೆಯ ದಿನ ರಾಯರು ಗೋಡೆ ಹಿಡಿದುಕೊಂಡು ವತ್ಸಲಾಬಾಯಿಯವರ ಮನೆಗೆ ಬಂದರು.

"ಅಕ್ಕೋರೆ, ನನ್ನದೊಂದು ಕಾಗದ ಬರಬೇಕಾಗಿತ್ತು. ಬಂದೈತೋ ಏನೋ ಗೊತ್ತಿಲ್ಲ."

"ಬಂದಿದ್ದರೆ ಪೆಟ್ಟಿಗೆಯಲ್ಲಿರುತ್ತದೆ ರಾಯರೇ. ಎಲ್ಲಿಗೂ ಹೋಗುವುದಿಲ್ಲ."

"ಅದು ಹೋಗಲ್ಲ. ಕಣ್ಣು ಹೋಗತೈತಿ."

ವತ್ಸಲಾಬಾಯಿ ಸೆರಗಿನ ಗಂಟು ತೋರಿಸಿದರು. "ನನ್ನ ಕೀಲಿ ಸಿದ್ಧವಾಗಿದೆ. ಶಿರಸ್ತೇದಾರರು ರೂಢಿಯ ಪ್ರಕಾರ ಮೊದಲು ತೆಗೆಯಲಿ, ಮರುಕ್ಷಣ ನಾನು ತೆಗೆಯುತ್ತೇನೆ. ಅವರಿಗೆ ಹೇಳಿ ನೋಡಿ."

"ಹೇಳಿದೆ. ಅವರೂ ಹಿಂಗೇ ಅಂದ್ರು. ಅಕ್ಕೋರು ಮೊದಲು ತೆಗೀಲಿ, ಮರುಕ್ಷಣ ನಾನು ತೆಗೀತೀನಿ ಅಂತ." ರಾಯರು ಸಣ್ಣಗೆ ನಕ್ಕರು. "ಇಬ್ಬರದೂ ಒಂದೇ ಅಳತೆ. ಒಂದೇ ಬಟ್ಟೇಲಿ ಹೊಲೀಬಹುದು."

ಅವರು ಹೋದ ಮೇಲೆ ವತ್ಸಲಾಬಾಯಿ ತಮ್ಮ ತೋಳಿನ ಹೊಲಿಗೆಯನ್ನು ನೋಡಿಕೊಂಡರು. ರಾಯರು ಹೊಲಿದ ರವಿಕೆಯೇ ಅವರ ಮೈಮೇಲಿತ್ತು. ಮರುದಿನ, ಗುರುವಾರ, ಹದಿನೆಂಟನೆಯ ತಾರೀಖು, ಮಧ್ಯಾಹ್ನ ಎಲ್ಲರೂ ಊಟಮಾಡಿ ಮಲಗುವ ಸಮಯದಲ್ಲಿ ಅವರು ಸೆರಗಿನ ಗಂಟು ಬಿಚ್ಚಿ ಕೀಲಿ ಹಿಡಿದು ಹೆಬ್ಬಾಗಿಲಿಗೆ ನಡೆದರು. ತಾನು ಮೊದಲು ತೆಗೆದರೆ ಏನಾಗುತ್ತದೆ? ಒಂದು ಬೀಗ ತೆರೆದುಕೊಳ್ಳುತ್ತದೆ, ಅಷ್ಟೆ. ಕೊಟ್ರಪ್ಪನವರು ಮಾತಿಗೆ ಕಟ್ಟುಬಿದ್ದು ತಮ್ಮದನ್ನು ತೆಗೆಯಲೇಬೇಕಾಗುತ್ತದೆ.

ಕೀಲಿಯನ್ನು ಬೀಗಕ್ಕೆ ಹಾಕಿದರು. ಆಗ ಮುಂದಿನ ಸಾಲಿನ ಜಗಲಿಯಿಂದ ಕೊಟ್ರಪ್ಪನವರ ಸೊಸೆಯ ದನಿ ಕೇಳಿಸಿತು. ಆಕೆ ಪಕ್ಕದ ಮನೆಯವಳಿಗೆ ಮೆಲ್ಲಗೆ ಹೇಳುತ್ತಿದ್ದಳು: "ನೋಡ್ರಿ, ಅಕ್ಕೋರು ಬಂದ್ರು. ಮಾವನೋರು ಹೇಳಿದ್ರು, ಹದಿನೈದು ದಿನದೊಳಗೆ ಬಂದೇ ಬರ್ತಾರೆ ಅಂತ."

ವತ್ಸಲಾಬಾಯಿ ಕೀಲಿ ತಿರುಗಿಸಲಿಲ್ಲ. ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಅದಕ್ಕೇ ಬಂದವರಂತೆ ನಟಿಸಿ, ಹಿಂದಿರುಗಿದರು. ಮುಖ್ಯೋಪಾಧ್ಯಾಯಿನಿಯಾಗಿ ಇಪ್ಪತ್ತೆರಡು ವರ್ಷ ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳಿದವರು ಅವರು. ಒಂದು ಮರದ ಡಬ್ಬಿಯ ಮುಂದೆ ತಗ್ಗಿಸುವುದು ಅವರಿಂದ ಆಗಲಿಲ್ಲ.

ದೆಹಲಿಯಲ್ಲಿ ಸಭೆ ಮತ್ತೆ ಮುಂದೂಡಲ್ಪಟ್ಟಿತು. ಪೆಟ್ಟಿಗೆಯ ಬಾಯಿಯಿಂದ ಅರಿಸಿನ ಹಚ್ಚಿದ ಕರೆಯೋಲೆಗಳ ಮೂಲೆಗಳು ಹೊರಗೆ ಇಣುಕತೊಡಗಿದವು. ಮಕ್ಕಳು ಪೊರಕೆ ಕಡ್ಡಿಗೆ ಅಂಟು ಹಚ್ಚಿ ಕಾಗದ ಹಿಡಿಯಲು ನೋಡಿದರು. ಸಿಕ್ಕಿದ್ದು ಬೀಜದ ಅಂಗಡಿಯ ಒಂದು ಜಾಹೀರಾತು. ದುರುಗಪ್ಪ ಈಗ ಕಾಗದಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ. ಮೂರು ದಿನ ಎಡೆಬಿಡದೆ ಜಿಟಿಜಿಟಿ ಮಳೆ ಹಿಡಿಯಿತು.

ಇಪ್ಪತ್ತೇಳನೆಯ ತಾರೀಖು, ಶನಿವಾರ, ಬೆಳಿಗ್ಗೆ ಹೆಬ್ಬಾಗಿಲಿನಲ್ಲಿ ಧೊಪ್ಪೆಂದು ಸದ್ದಾಯಿತು. ಎಲ್ಲರೂ ಓಡಿ ಬಂದರು. ನೆನೆದು ಲಡ್ಡಾದ ತಳದ ಹಲಗೆ ಭಾರಕ್ಕೆ ಕಳಚಿ ಬಿದ್ದಿತ್ತು. ಹತ್ತೊಂಬತ್ತು ದಿನದ ಕಾಗದಗಳು ಕೆಸರಿನಲ್ಲಿ ರಾಶಿಯಾಗಿ ಬಿದ್ದಿದ್ದವು. ಮುಗಿದುಹೋದ ಮದುವೆಗಳು, ತೀರಿಕೊಂಡವರ ಹನ್ನೆರಡನೆಯ ದಿನದ ಆಹ್ವಾನ, ಮನೆ ಬಿಟ್ಟವರ ಕಾಗದ, ದೇವರ ಚೀಟಿ, ಹಲ್ಲಿಯ ಒಡೆದ ಮೊಟ್ಟೆ.

ಕೊಟ್ರಪ್ಪನವರು ರಾಶಿಯನ್ನು ನೋಡಲಿಲ್ಲ. ಪೆಟ್ಟಿಗೆಯನ್ನು ನೋಡಿದರು.

"ಎಲ್ಲರೂ ನೋಡ್ರಿ. ನನ್ನ ಬೀಗ ಹಂಗೇ ಐತಿ."

ಅದೇ ಮಾತು ವತ್ಸಲಾಬಾಯಿಯವರ ನಾಲಿಗೆಯ ತುದಿಗೂ ಬಂದಿತ್ತು. ಒಂದು ಗಳಿಗೆ ಮುಂಚೆಯಾಗಿದ್ದರೆ ಅವರೇ ಆಡಿಬಿಡುತ್ತಿದ್ದರು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಎಂಥ ಮಾತೆಂದು ಅವರಿಗೆ ತಿಳಿಯಿತು.

ಪುಂಡಲೀಕರಾಯರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಲಕೋಟೆಯನ್ನು ಬೆರಳಿನಿಂದ ಸವರಿ ಪಕ್ಕಕ್ಕಿಡುತ್ತಿದ್ದರು, ಬಟ್ಟೆಯ ನೇಯ್ಗೆ ನೋಡುವವರಂತೆ. ಒಂದನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡರು.

"ಇದು ದಪ್ಪ ಕಾಗದ. ಆಸ್ಪತ್ರೇದೇ ಇರಬೇಕು. ಅಕ್ಕೋರು ಇದ್ದಾರಾ ಇಲ್ಲಿ? ಓದ್ರಿ."

ವತ್ಸಲಾಬಾಯಿ ತೆಗೆದುಕೊಂಡರು. ಲಕೋಟೆಯ ಮೇಲೆ ಊರಿನ ಅಂಚೆಯ ಮುದ್ರೆ ಇತ್ತು, ಹದಿನೈದನೆಯ ತಾರೀಖಿನದು. ತಾನು ಕೀಲಿಯನ್ನು ಹಾಕಿ ತಿರುಗಿಸದೆ ಹೋದ ದಿನ ಈ ಕಾಗದ ಬೀಗದಿಂದ ಒಂದು ಗೇಣು ದೂರದಲ್ಲಿತ್ತು. ಅವರು ಒಡೆದು ಓದಿದರು. ಓದುವ ದನಿ ಶಾಲೆಯಲ್ಲಿದ್ದಂತೆ ಸ್ಪಷ್ಟವಾಗಿರಬೇಕೆಂದು ಪ್ರಯತ್ನಿಸಿದರು.

"ತಮ್ಮ ಎಡಗಣ್ಣಿನ ಶಸ್ತ್ರಚಿಕಿತ್ಸೆಯನ್ನು ಜುಲೈ ಇಪ್ಪತ್ತೆರಡು, ಸೋಮವಾರ ನಿಗದಿಪಡಿಸಲಾಗಿದೆ. ಬೆಳಿಗ್ಗೆ ಎಂಟು ಗಂಟೆಯೊಳಗೆ ಹಾಜರಾಗತಕ್ಕದ್ದು. ಹಾಜರಾಗದಿದ್ದಲ್ಲಿ ಸರದಿ ರದ್ದಾಗುವುದು. ಮುಂದಿನ ಸರದಿ ಜನವರಿ ತಿಂಗಳ ನಂತರ."

ರಾಯರು ತಲೆ ಎತ್ತಿದರು. "ಇವತ್ತು ತಾರೀಖೆಷ್ಟು?"

ಸುತ್ತ ನಿಂತಿದ್ದ ಒಂಬತ್ತು ಮನೆಯವರಿಗೂ ತಾರೀಖು ತಿಳಿದಿತ್ತು.

"ಇಪ್ಪತ್ತೇಳು" ಎಂದರು ವತ್ಸಲಾಬಾಯಿ.

"ಹೌದಾ" ಎಂದರು ರಾಯರು. ಕೈಯಿಂದ ಕೆಸರು ಒರೆಸಿಕೊಂಡರು. "ಮೊನ್ನೆ ಬುಧವಾರದಿಂದ ದೀಪ ಹಚ್ಚಿದ್ದಾರೋ ಇಲ್ಲವೋ ಅನ್ನೋದೂ ತಿಳೀತಿಲ್ಲ. ಅದಕ್ಕೇ ಕೇಳಿದೆ."

ಅವರು ಗೋಡೆ ತಡವಿಕೊಂಡು ಕೋಣೆಯೊಳಗೆ ಹೋದರು. ಕೊಟ್ರಪ್ಪನವರು ಅಂಗಿಯೊಳಗಿನ ಕೀಲಿಯನ್ನು ಮೇಲಿನಿಂದಲೇ ಮುಟ್ಟಿ ನೋಡಿಕೊಂಡರು. ಯಾರದೋ ಮನೆಯ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಬಿಕ್ಕಟ್ಟು ಮುಂದುವರಿದಿದೆ ಎಂದು ಹೇಳಿ ಮುಗಿಯಿತು.

ವತ್ಸಲಾಬಾಯಿ ರಾಯರ ಬಾಗಿಲಿಗೆ ಹೋದರು.

"ರಾಯರೇ, ಹೋದ ವಾರ ಗುರುವಾರ ಮಧ್ಯಾಹ್ನ ನಾನು ಬೀಗಕ್ಕೆ ಕೀಲಿ ಹಾಕಿದ್ದೆ. ತೆಗೆಯಲಿಲ್ಲ."

"ಗೊತ್ತು ಅಕ್ಕೋರೆ. ನನ್ನ ಕಿಟಕಿ ಅಲ್ಲೇ ಇರೋದು. ಸದ್ದು ಕೇಳಿಸಿತು."

"ಕೂಗಬಾರದಿತ್ತೇ?"

"ಕೂಗಿದ್ದರೆ ತೆಗೀತಿದ್ರಾ?"

ಹೌದೆಂದರೆ ಸುಳ್ಳಾಗಬಹುದಿತ್ತು. ವತ್ಸಲಾಬಾಯಿ ಸುಳ್ಳು ಹೇಳುವವರಲ್ಲ. ಮನೆಗೆ ಬಂದು, ಕಾಗದ ಮತ್ತು ಲೇಖನಿ ತೆಗೆದುಕೊಂಡರು. ಹಳೆಯ ಪತ್ರದಲ್ಲಿನ ತಮ್ಮ ಸಹಿಯನ್ನು ಹಿಂತೆಗೆದುಕೊಳ್ಳುವುದೆಂದೂ, ಅಂಚೆಯವರು ಆಯಾ ಮನೆಯ ಬಾಗಿಲಿಗೇ ಕಾಗದ ಕೊಡಬೇಕೆಂದು ಬರೆಯುವುದೆಂದೂ, ಸಂಜೆಯ ರೈಲಿಗೆ ರಾಯರನ್ನು ತಾವೇ ಬೆಂಗಳೂರಿಗೆ ಕರೆದೊಯ್ದು, ಸೋಮವಾರ ಆಸ್ಪತ್ರೆಯವರ ಮುಂದೆ ತಪ್ಪು ತಮ್ಮದೆಂದು ಹೇಳಿ ಮತ್ತೊಂದು ದಿನವನ್ನು ಬೇಡುವುದೆಂದೂ ಅವರು ತೀರ್ಮಾನಿಸಿದರು.

ನೀತಿ: ಇಬ್ಬರೂ "ಮೊದಲು ಅವರು" ಎಂದು ಹಟ ಹಿಡಿದು ಕುಳಿತ ಕಡೆ, ಇಬ್ಬರ ಬೀಗವೂ ಭದ್ರವಾಗಿ ಉಳಿಯುತ್ತದೆ; ನಷ್ಟವನ್ನು ಹೊರುವವನು ಕೀಲಿಯೇ ಇಲ್ಲದ ಮೂರನೆಯವನು. ದೇಶದ ಅಧಿಕಾರವಿರಲಿ, ವಠಾರದ ಕೀಲಿಯಿರಲಿ, ಕೈಯಲ್ಲಿ ಹಿಡಿದವರು ಮೊದಲು ತೆರೆಯಲು ನಾಚಬಾರದು. ತಡವಾಗಿ ಬಂದ ಪಶ್ಚಾತ್ತಾಪ ತಪ್ಪನ್ನು ಒಪ್ಪಿಕೊಳ್ಳಬಲ್ಲದು, ಕಳೆದ ದಿನವನ್ನು ಹಿಂದಕ್ಕೆ ತರಲಾರದು.