ಸಾಕವ್ವ ಏಳುವ ಹೊತ್ತು

ತೊರೆಗಲ್ಲು ಊರಿನ ಹಿಂದಿರುವ ಸಾಕವ್ವನ ಗುಡ್ಡಕ್ಕೆ ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಬೆಳಿಗ್ಗೆ ಬರಬೇಡಿ, ಬಂದರೂ ಬಾಗಿಲು ಬಡಿಯಬೇಡಿ. ಕೆಳಗೆ ಮೆಟ್ಟಿಲ ಹತ್ತಿರ ಬೋರ್ಡು ಬರೆಸಿ ನೆಟ್ಟಿದ್ದೇನೆ, ಆದರೆ ಓದುವವರು ಯಾರು? ಕತ್ತಲೆ ಹರಿಯುವ ಮೊದಲೇ ಹೂಬುಟ್ಟಿ ಹಿಡಿದು ಏದುಸಿರು ಬಿಡುತ್ತಾ ಹತ್ತಿಬರುತ್ತಾರೆ. ಬಾಗಿಲಿಗೆ ಬೀಗ. ಗಂಟೆ ಬಾರಿಸೋಣವೆಂದರೆ ಈ ಗುಡಿಯಲ್ಲಿ ಗಂಟೆಯೇ ಇಲ್ಲ. "ಇದೆಂಥ ದೇವರು ಪೂಜಾರಪ್ಪ, ಇಷ್ಟು ಹೊತ್ತಾದರೂ ಎದ್ದಿಲ್ಲವಲ್ಲ!" ಎಂದು ನಗುತ್ತಾರೆ. ಹೌದಪ್ಪ, ಎದ್ದಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಏಳುವುದೂ ಇಲ್ಲ. ನಲವತ್ತು ವರ್ಷದಿಂದ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಗಿದೆ. ಬಂದಿದ್ದೀರಿ, ಆ ಹುಣಿಸೆ ಮರದ ಕೆಳಗೆ ಕೂತುಕೊಳ್ಳಿ. ಇನ್ನೊಮ್ಮೆ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಊರಿಗೆ ಕೋಟೆಯಿದ್ದ ಕಾಲದಲ್ಲಿ, ನೇಕಾರರ ಬೀದಿಯಲ್ಲಿ ಹೊನ್ನವ್ವ ಎಂಬ ಹುಡುಗಿಯಿದ್ದಳಂತೆ. ಅವಳ ಚೆಲುವನ್ನು ವರ್ಣಿಸು ಎಂದು ನನ್ನನ್ನು ಕೇಳಬೇಡಿ, ನನಗೆ ಆ ಉತ್ಸಾಹವೆಲ್ಲ ಮುಗಿದಿದೆ. ನೋಡಿದವರು ಹೊರಟ ಕೆಲಸ ಮರೆತು ನಿಲ್ಲುತ್ತಿದ್ದರು, ಅಷ್ಟು ಸಾಕು. ಒಂದು ದಿನ ಒಬ್ಬ ವ್ಯಾಪಾರಿ ಬೆಳಿಗ್ಗೆ ಎದ್ದವನೇ ಬಾವಿಕಟ್ಟೆಯಲ್ಲಿ ಅವಳ ಮುಖ ನೋಡಿದ. ಮೂರು ದಿನದಿಂದ ಕಾಣೆಯಾಗಿದ್ದ ಅವನ ಎತ್ತುಗಳು ಅಂದೇ ಸಿಕ್ಕವು. ಅಷ್ಟೇ, ಊರಿಗೆ ಊರೇ ಮರುಳಾಯಿತು. ಎದ್ದ ಕೂಡಲೇ ಹೊನ್ನವ್ವನ ಮುಖ ನೋಡಿದರೆ ಆ ದಿನ ಒಳ್ಳೆಯದಾಗುತ್ತದೆ ಎಂಬ ಮಾತು ಹಬ್ಬಿತು. ಹಾಸಿಗೆಯಿಂದ ಎದ್ದವರು ಬೇರೆ ಮುಖ ಕಾಣಬಾರದೆಂದು ಕಣ್ಣು ಮುಚ್ಚಿಕೊಂಡೇ, ಗೋಡೆ ತಡವುತ್ತಾ, ಒಬ್ಬರ ಹೆಗಲು ಒಬ್ಬರು ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳ ತಂದೆ "ತೆರೆಯಿರಿ" ಎನ್ನುತ್ತಿದ್ದ. ಎಲ್ಲರೂ ಒಟ್ಟಿಗೆ ಕಣ್ಣು ತೆರೆಯುತ್ತಿದ್ದರು. ಅದಕ್ಕಾಗಿ ಅವಳು ಊರಿಗಿಂತ ಮೊದಲು ಎದ್ದು, ಮಿಂದು, ಹೊಸ್ತಿಲಲ್ಲಿ ನಗುತ್ತಾ ನಿಂತಿರಬೇಕು. ಮೊದಲ ತಿಂಗಳು ಹುಡುಗಿಗೂ ಹೆಮ್ಮೆಯೇ ಇತ್ತು. ಆಮೇಲೆ ಹನ್ನೊಂದು ವರ್ಷ ನಿಂತಳು. ಮದುವೆಯ ಮಾತು ಬಂದಾಗಲೆಲ್ಲ ಹಿರಿಯರು, "ಇವಳನ್ನು ಒಬ್ಬನ ಮನೆಗೆ ಕೊಟ್ಟರೆ ಊರಿನ ಗತಿಯೇನು?" ಎಂದು ತಡೆದರು. ಒಮ್ಮೆ ಕೆಂಡದಂಥ ಜ್ವರ ಬಂದಾಗಲೂ ಬಿಡಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು, ಬಾಗಿಲ ತೋಳಿಗೆ ಒರಗಿಸಿ ನಿಲ್ಲಿಸಿದರು ಎನ್ನುತ್ತಾರೆ. ಥೂ, ಎಂಥ ಜನ!

ಆ ಕಾಲಕ್ಕೆ ಈ ಗುಡ್ಡದ ಮೇಲೆ ಸುಣ್ಣ ಸುಡುವ ತಿಪ್ಪ ಎಂಬವನಿದ್ದ. ಸುಣ್ಣದ ಗೂಡಿನ ಬೆಂಕಿ ಸಿಡಿದು ಅವನ ಮುಖದ ಒಂದು ಪಕ್ಕ ಬೆಂದುಹೋಗಿತ್ತು, ಆ ಕಡೆಯ ಕಣ್ಣು ಬೆಳ್ಳಗಾಗಿತ್ತು. ಅವನ ಮುಖ ಕಂಡರೆ ಆ ದಿನ ಕೆಟ್ಟಿತೆಂದು ಊರವರ ನಂಬಿಕೆ. ಹೊತ್ತು ನೆತ್ತಿಗೇರುವ ತನಕ ಅವನು ಯಾರ ಕಣ್ಣಿಗೂ ಬೀಳಕೂಡದು, ಆಮೇಲೂ ಕಂಬಳಿಯ ಕೊಪ್ಪೆ ಹಾಕಿಕೊಂಡೇ ಓಡಾಡಬೇಕು. ಹೀಗಾಗಿ ತೊರೆಗಲ್ಲಿನಲ್ಲಿ ಬೆಳಗಿನ ಸುಖನಿದ್ದೆ ಇದ್ದದ್ದು ಅವನೊಬ್ಬನಿಗೇ. ಜ್ವರ ಬಿಟ್ಟ ವಾರದಲ್ಲಿ ಗೋಡೆಗೆ ಬಳಿಯಲು ಸುಣ್ಣ ತರಬೇಕೆಂದು ಹೊನ್ನವ್ವ ಮಧ್ಯಾಹ್ನ ಗುಡ್ಡ ಹತ್ತಿದಳು. ಅವನು ಗಡಬಡಿಸಿ ಕಂಬಳಿ ಎಳೆದುಕೊಂಡ.

"ಕೊಪ್ಪೆ ತೆಗಿ, ಸೆಕೆ ಆಗೋದಿಲ್ಲವೇನು?" ಎಂದಳು.

"ಬೇಡ, ನಿನಗೆ ಕೆಟ್ಟದ್ದಾದೀತು."

"ಆಗಲಿ ಬಿಡು. ಆಗಲಾದರೂ ನನ್ನನ್ನು ನಾಳೆ ಮಲಗಲಿಕ್ಕೆ ಬಿಡುತ್ತಾರೆ."

ತಿಪ್ಪನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೊಪ್ಪೆ ತೆಗೆದ. ಅವಳು ಬೆಂದ ಕೆನ್ನೆಯನ್ನೂ ನೋಡಿದಳು, ಬೇಯದೆ ಉಳಿದ ಕೆನ್ನೆಯನ್ನೂ ನೋಡಿದಳು, ಮೊಣಕೈವರೆಗೆ ಸುಣ್ಣ ಮೆತ್ತಿದ ಆ ಗಟ್ಟಿ ತೋಳುಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮುಚ್ಚಿಟ್ಟು ಏನು ಮಾಡಲಿ, ಅವನು ಅವಳಿಗೆ ಹಿಡಿಸಿದ. ಊರೆಲ್ಲ ಅವಳನ್ನು ನೋಡುತ್ತಿತ್ತೇ ಹೊರತು, ಅವಳಾಗಿ ಒಬ್ಬ ಗಂಡಸನ್ನು ಕಣ್ತುಂಬ ನೋಡಿದ್ದು ಅದೇ ಮೊದಲು. ಅವನೂ ನೋಡಿದ. ಚೆಲುವೆ ಎನ್ನಲಿಲ್ಲ, ಲಕ್ಷ್ಮಿ ಎನ್ನಲಿಲ್ಲ. "ನಿನಗೆ ನಿದ್ದೆಯೇ ಇಲ್ಲವಲ್ಲ, ಕಣ್ಣ ಕೆಳಗೆಲ್ಲ ಕಪ್ಪಾಗಿದೆ" ಎಂದ. ಹನ್ನೊಂದು ವರ್ಷ ದಿನಾ ಅವಳ ಮುಖ ನೋಡಿದ ಒಂದು ನರಪಿಳ್ಳೆಗೂ ಆ ಕಪ್ಪು ಕಂಡಿರಲಿಲ್ಲ. ಅವಳಿಗೆ ಅಳು ಬಂತು. ಅವನು ಈ ಹುಣಿಸೆಯ ನೆರಳಿನಲ್ಲಿ, ಇಗೋ ನೀವು ಕೂತಿದ್ದೀರಲ್ಲ ಅಲ್ಲೇ, ಕಂಬಳಿ ಹಾಸಿದ. "ಮಲಗು. ನಾನು ಎಬ್ಬಿಸುವುದಿಲ್ಲ" ಎಂದ. ಅವಳು ದೀಪ ಹಚ್ಚುವ ಹೊತ್ತಿನವರೆಗೆ ಮಲಗಿದಳು. ಅವನು ಎಬ್ಬಿಸಲಿಲ್ಲ.

ಮರುದಿನ ಬೆಳಿಗ್ಗೆ ಊರವರು ಎಂದಿನಂತೆ ಕಣ್ಣು ಮುಚ್ಚಿ ಸಾಲಾಗಿ ನಿಂತಿದ್ದರು. ತಂದೆ ಒಳಗೆ ಪಂಚೆ ಸುತ್ತಿಕೊಳ್ಳುತ್ತಿದ್ದ. ಹೊನ್ನವ್ವ ಹೊಸ್ತಿಲು ದಾಟಿದಳು, ಆ ಸಾಲಿನ ನಡುವೆಯೇ ನಡೆದು ಹೋದಳು. ಅಷ್ಟು ಜನರಲ್ಲಿ ಒಬ್ಬರೂ ಅವಳನ್ನು ನೋಡಲಿಲ್ಲ, ಎಲ್ಲರ ಕಣ್ಣೂ ಮುಚ್ಚಿತ್ತಲ್ಲ! ತಂದೆ ಬಂದು ನೋಡಿದರೆ ಹೊಸ್ತಿಲು ಬರಿದು. ಹುಡುಕಿ ಹುಡುಕಿ, ಬಿಸಿಲೇರುವ ಹೊತ್ತಿಗೆ ಹಿರಿಯರು ಗುಡ್ಡ ಹತ್ತಿದರು. ಅವಳು ಗೂಡಿನ ಪಕ್ಕ ತಿಪ್ಪನ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದಳು. "ಏಳವ್ವ ಹೊನ್ನವ್ವ, ಊರು ಕಾಯುತ್ತಿದೆ" ಎಂದರು.

"ಸಾಕು" ಎಂದಳು ಅವಳು. "ಇವತ್ತು ಬೆಳ್ಳಂಬೆಳಿಗ್ಗೆಯೇ ಇವನ ಮುಖ ನೋಡಿದ್ದೇನೆ. ನಾಳೆಯೂ ಇವನನ್ನೇ ನೋಡುತ್ತೇನೆ. ಇನ್ನು ನನ್ನ ಮುಖ ನಿಮಗೆ ಆಗುತ್ತದೆಯೇ, ನೀವೇ ಹೇಳಿ. ನನಗೆ ಇವನ ಮುಖ ಸಾಕು."

ಹಿರಿಯರು ಅಯ್ಯಯ್ಯೋ ಎಂದು ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು, ಎಡವುತ್ತಾ ಗುಡ್ಡ ಇಳಿದರಂತೆ. ಯಾವ ನಂಬಿಕೆ ಅವಳನ್ನು ಕಟ್ಟಿಹಾಕಿತ್ತೋ ಅದೇ ಬಿಡಿಸಿತು. ಸಿಟ್ಟಿನಲ್ಲಿ ಊರವರು ಅವಳ ಹೆಸರೆತ್ತುವುದನ್ನೂ ಬಿಟ್ಟು, "ಆ ಸಾಕು ಎಂದವಳು" ಎನ್ನತೊಡಗಿದರು. ಅದೇ ಸವೆದು ಸವೆದು ಸಾಕವ್ವ ಆಯಿತು.

ಇಬ್ಬರೂ ಇಲ್ಲಿಯೇ ಬದುಕಿದರು. ಸುಣ್ಣದ ಧೂಳಿಗೆ ಅವಳ ಮೈಬಣ್ಣ ಹೋಯಿತು, ಹಲ್ಲು ಬಿದ್ದವು, ಕೂದಲು ಉದುರಿತು. ತಿಪ್ಪ ಮಾತ್ರ ಒಂದು ದಿನವೂ ಅವಳನ್ನು ಎಬ್ಬಿಸಲಿಲ್ಲ. ತಾನು ಮೊದಲು ಎದ್ದು, ಸದ್ದಿಲ್ಲದೆ ಒಲೆ ಹಚ್ಚಿ, ಅವಳು ಕಣ್ಣು ತೆರೆದಾಗ ಎದುರಿಗಿರಬೇಕೆಂದು ಬಂದು ಕೂರುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಸುಣ್ಣಕ್ಕೆ ಬಂದವರು ನೋಡುತ್ತಾರೆ, ಮುದುಕ ಹಾಗೆಯೇ ಕೂತಿದ್ದಾನೆ. ಒಲೆ ಆರಿದೆ. ಅವಳ ಮೈ ತಣ್ಣಗಾಗಿ ಎಷ್ಟು ಹೊತ್ತಾಗಿತ್ತೋ!

"ಅಯ್ಯೋ ತಿಪ್ಪಣ್ಣ, ಬೆಳಿಗ್ಗೆಯೇ ಎಬ್ಬಿಸಿ ನೋಡಬಾರದಿತ್ತೇ?" ಎಂದರು.

"ಎಬ್ಬಿಸುವುದಿಲ್ಲ ಅಂದಿದ್ದೆ" ಎಂದನಂತೆ.

ಗುಡಿಯೊಳಗೆ ಈಗ ನೀವು ಕಾಣುವುದು ಒಂದು ಮಗ್ಗುಲಾಗಿ ಮಲಗಿದ ಕಲ್ಲು. ಕಣ್ಣು ಮೂಗು ಕೆತ್ತಿಲ್ಲ. ಮುಖ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ, ನೋಡಿದ್ದು ಸಾಕು ಎನ್ನುತ್ತೇನೆ. ಅದರ ಎದುರಿಗೆ ಕೂತಿರುವ ಇನ್ನೊಂದು ಕಲ್ಲಿಗೆ ಪ್ರತಿ ವರ್ಷ ಸುಣ್ಣ ಬಳಿಯುತ್ತೇವೆ. ಮೊನ್ನೆ ಬೆಳಿಗ್ಗೆಯೇ ಒಂದು ಜೋಡಿ ಬಂದಿತ್ತು. ಬಯ್ಯಬೇಕೆಂದೇ ಬೀಗದ ಕೈ ಹಿಡಿದು ಹೊರಗೆ ಬಂದೆ. ಹುಡುಗಿ ಮೆಟ್ಟಿಲ ಮೇಲೆ ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಹುಡುಗ ನನ್ನನ್ನು ಕಂಡು, ತುಟಿಯ ಮೇಲೆ ಬೆರಳಿಟ್ಟು ಬೇಡವೆಂದು ತಲೆಯಾಡಿಸಿದ. ಬೀಗದ ಕೈ ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ನಾನೂ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಅವಳು ಏಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.